ಕಂಪ್ಯೂಟರಿಗೆ ಕಂಠವಿಲ್ಲ

ಸಂಗೀತ ಕೇಳುವುದಕ್ಕೆಂದೇ ಕಂಪ್ಯೂಟರ್ ಕೊಳ್ಳುವ ರಸಿಕರ ನಡುವೆ ಒಂದು ಮಾತು ಈಗ ಸಿದ್ಧಾಂತದ ಪಟ್ಟಕ್ಕೇರಿದೆ. ಒಂದೊಂದು ಕಂಪ್ಯೂಟರಿನ ನಾದವೂ ಒಂದೊಂದು ಬಗೆ ಎಂಬುದೇ ಆ ಮಾತು. ಹಾಡಿನ ಫೈಲು ಅದೇ ಇರಲಿ, ಅಂಕಿಗಳನ್ನು ವಿದ್ಯುತ್ ಅಲೆಯಾಗಿಸುವ ಡ್ಯಾಕ್ ಎಂಬ ಪೆಟ್ಟಿಗೆಯೂ ಅದೇ ಇರಲಿ, ಆಂಪ್ಲಿಫೈಯರ್, ಸ್ಪೀಕರ್, ಕೋಣೆ ಯಾವುದೂ ಬದಲಾಗದಿರಲಿ. ಕಂಪ್ಯೂಟರ್ ಒಂದು ಬದಲಾದರೆ ಸಾಕು, ಹಾಡು ಬೇರೆಯಾಗಿ ಕೇಳುತ್ತದಂತೆ. ಪ್ರೊಸೆಸರಿನ ಕೆಲಸ ತಗ್ಗಿಸಿದರೆ ಪಿಟೀಲಿನ ಒರಟು ಹೋಗುತ್ತದೆ, ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ತಬಲಾದ ಪೆಟ್ಟು ಚುರುಕಾಗುತ್ತದೆ, ಪವರ್ ಸಪ್ಲೈ ಬದಲಿಸಿದರೆ ಸ್ವರಗಳ ನಡುವಿನ ನಿಶ್ಶಬ್ದ ಇನ್ನಷ್ಟು ಗಾಢವಾಗುತ್ತದೆ ಎಂದು ಪತ್ರಿಕೆಗಳು ಪುಟಗಟ್ಟಲೆ ವರ್ಣಿಸುತ್ತವೆ. ಈ ವರ್ಣನೆಯ ಬೆನ್ನಿಗೆ ಲಕ್ಷಾಂತರ ರೂಪಾಯಿ ಬೆಲೆಯ ‘ಮ್ಯೂಸಿಕ್ ಸರ್ವರ್’ಗಳು ಮಾರುಕಟ್ಟೆಗೆ ಬಂದಿವೆ. ಮುಚ್ಚಳ ತೆಗೆದು ನೋಡಿದರೆ ಒಳಗಿರುವುದು ಮದರ್‌ಬೋರ್ಡು, ಪ್ರೊಸೆಸರು, ಮೆಮೊರಿಗಳೇ ಇರುವ ಕಂಪ್ಯೂಟರು. ಈ ಸಿದ್ಧಾಂತ ತಪ್ಪು ಎಂಬುದು ನನ್ನ ವಾದ. ಕಂಪ್ಯೂಟರಿನಿಂದ ಧ್ವನಿ ಕೆಡಲು ಸಾಧ್ಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದು ಕೆಡುವ ದಾರಿಗಳು ಹಲವಿವೆ, ಅವನ್ನು ಮುಂದೆ ಒಂದೊಂದಾಗಿ ನೋಡೋಣ. ಆದರೆ ಕೆಡುವುದು ದೋಷ. ದೋಷವನ್ನು ಗುರುತಿಸಬಹುದು, ಅಳೆಯಬಹುದು, ಸರಿಪಡಿಸಬಹುದು. ವೀಣೆಗೊಂದು, ಸಾರಂಗಿಗೊಂದು ಇರುವ ಹಾಗೆ ಕಂಪ್ಯೂಟರಿಗೂ ಒಂದು ನಾದಸ್ವಭಾವ ಇದೆ ಎನ್ನುವುದು ದೋಷದ ಮಾತಲ್ಲ, ಕಂಠದ ಮಾತು. ಕಂಪ್ಯೂಟರಿಗೆ ಕಂಠವಿಲ್ಲ.

ಮೊದಲು ಕಂಪ್ಯೂಟರ್ ಮಾಡುವ ಕೆಲಸ ಏನೆಂದು ನೋಡಬೇಕು. ಸಿ.ಡಿ. ದರ್ಜೆಯ ಧ್ವನಿಮುದ್ರಣದಲ್ಲಿ ಸೆಕೆಂಡಿಗೆ 44,100 ಸಲ ಅಲೆಯ ಎತ್ತರವನ್ನು ಅಳೆದು ಅಂಕಿಯಾಗಿ ಬರೆದಿರುತ್ತಾರೆ. ಪ್ರತಿ ಅಂಕಿಗೂ 16 ಬಿಟ್, ಅಂದರೆ 65,536 ಮಟ್ಟಗಳಲ್ಲಿ ಒಂದು. ಎಡ ಬಲ ಎರಡೂ ಸೇರಿ ಸೆಕೆಂಡಿಗೆ 14,11,200 ಬಿಟ್. ಫೈಲಿನಿಂದ ಈ ಅಂಕಿಗಳನ್ನು ಓದಿ, ಸಾಲು ತಪ್ಪದಂತೆ ಡ್ಯಾಕಿಗೆ ದಾಟಿಸುವುದಷ್ಟೇ ಕಂಪ್ಯೂಟರಿನ ಹೊಣೆ. ಇಂದಿನ ಅತಿ ಅಗ್ಗದ ಯಂತ್ರಕ್ಕೂ ಇದು ಎಡಗೈ ಕೆಲಸ. ಅದೇ ಯಂತ್ರ ಇದರ ಹತ್ತಾರು ಪಟ್ಟು ಬಿಟ್‌ಗಳ ಸಿನಿಮಾವನ್ನು ತಡವರಿಸದೆ ತೋರಿಸುತ್ತದೆ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ಸ್ಕ್ಯಾನು, ರೈಲಿನ ಟಿಕೆಟ್ಟು ಎಲ್ಲವೂ ಇದೇ ಬಗೆಯ ಯಂತ್ರಗಳಲ್ಲಿ ಒಂದಂಕಿಯೂ ಮಾಸದೆ ದಿನಕ್ಕೆ ಕೋಟಿಗಟ್ಟಲೆ ಸಲ ನಕಲಾಗುತ್ತಿವೆ. ಅಂಕಿ ಸರಿಯಾಗಿ ಬಂತೇ ಎಂದು ನೋಡಲು ನಂಬಿಕೆಯ ಮೊರೆಹೋಗಬೇಕಾಗಿಯೂ ಇಲ್ಲ. 2001ರಲ್ಲಿ ಬಂದ, ಅಂಕಿ ಕಳೆಯದೆ ಕುಗ್ಗಿಸಿಡುವ ಫ್ಲ್ಯಾಕ್ ಎಂಬ ಫೈಲಿನ ನಮೂನೆಯಲ್ಲಿ ಮೂಲ ಧ್ವನಿಯ ಅಂಕಿಗಳಿಂದ ಲೆಕ್ಕಹಾಕಿದ ಒಂದು ತಾಳೆಸಂಖ್ಯೆಯನ್ನು ಫೈಲಿನೊಳಗೇ ಇಟ್ಟಿರುತ್ತಾರೆ. ಬಿಚ್ಚಿದಾಗ ಒಂದೇ ಒಂದು ಬಿಟ್ ಆಚೀಚೆಯಾದರೂ ತಾಳೆ ತಪ್ಪುತ್ತದೆ.

ಹಾಗಿದ್ದರೆ ಈ ನಂಬಿಕೆ ಹುಟ್ಟಿದ್ದೆಲ್ಲಿ? ಅದರ ಬೇರು ಇರುವುದು ಗ್ರಾಮಫೋನು, ಟೇಪುಗಳ ಕಾಲದಲ್ಲಿ. ಅಲ್ಲಿ ಅದು ಸತ್ಯವೇ ಆಗಿತ್ತು. ತಟ್ಟೆಯ ಗೀರಿನಲ್ಲಿ ಮುಳ್ಳು ಓಡುವಾಗ ಮೋಟಾರಿನ ನಡುಕ, ತಟ್ಟೆಯ ಓಲಾಟ, ಮುಳ್ಳಿನ ಸವೆತ, ತೋಳಿನ ತೂಕ ಎಲ್ಲವೂ ನೇರವಾಗಿ ಸಂಗೀತದ ಅಲೆಗೇ ಬೆರೆಯುತ್ತಿದ್ದವು. ಅಲ್ಲಿ ಸಾಗಣೆ ಬೇರೆ, ಸರಕು ಬೇರೆ ಎಂಬುದಿರಲಿಲ್ಲ. ಆದ್ದರಿಂದ ಯಂತ್ರ ಬದಲಿಸಿದರೆ ದನಿ ಬದಲಾಗುತ್ತದೆ ಎಂದು ಒಂದು ಇಡೀ ತಲೆಮಾರು ಕಲಿತದ್ದರಲ್ಲಿ ತಪ್ಪಿರಲಿಲ್ಲ. 1982ರಲ್ಲಿ ಸಿ.ಡಿ. ಬಂದಾಗ ಸರಕು ಮತ್ತು ಸಾಗಣೆ ಬೇರ್ಪಟ್ಟವು. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ 1960ರಲ್ಲಿ ರೂಪಿಸಿದ ದೋಷ ತಿದ್ದುವ ಗಣಿತವನ್ನು ಅದರೊಳಗೆ ಅಳವಡಿಸಿದ್ದರಿಂದ, ಬಿಲ್ಲೆಯ ಮೇಲೆ ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ ಗೀರು ಬಿದ್ದರೂ ಕಳೆದ ಅಂಕಿಗಳನ್ನು ಪೂರ್ತಿಯಾಗಿ ಮರಳಿ ಪಡೆಯಬಹುದಾಯಿತು. ತಂತ್ರಜ್ಞಾನದ ತಳಹದಿಯೇ ಬದಲಾಯಿತು, ಆದರೆ ಕೇಳುವವರ ರೂಢಿ ಬದಲಾಗಲಿಲ್ಲ. ಮುಳ್ಳಿಗೆ, ಮೋಟಾರಿಗೆ ಕೊಡುತ್ತಿದ್ದ ಗೌರವವನ್ನು ಅವರು ಮೊದಲು ಸಿ.ಡಿ. ಪ್ಲೇಯರಿಗೆ, ಅನಂತರ ಕಂಪ್ಯೂಟರಿಗೆ, ಈಗ ಅದರೊಳಗಿನ ಎಸ್‌ಎಸ್‌ಡಿಗೆ ವರ್ಗಾಯಿಸಿದ್ದಾರೆ. ಎತ್ತಿನ ಗಾಡಿ ಹೋಗಿ ಲಾರಿ ಬಂದ ಮೇಲೂ ಬಾನೆಟ್ಟಿನ ಮುಂದೆ ಹುಲ್ಲು ಹಾಕಿದಂತೆ ಇದು.

ಎದುರುವಾದಿಗಳಲ್ಲಿ ತಿಳಿದವರು ಈ ಹಂತದಲ್ಲಿ ಸುಮ್ಮನಾಗುವುದಿಲ್ಲ, ಆಗಲೂಬಾರದು. ‘ಅಂಕಿ ಸರಿಯಾಗಿ ತಲುಪಿದರೆ ಸಾಲದು, ಸರಿಯಾದ ಹೊತ್ತಿಗೆ ತಲುಪಬೇಕು. ಬ್ಯಾಂಕಿನ ಲೆಕ್ಕ ಒಂದು ಕ್ಷಣ ತಡವಾದರೆ ಏನೂ ಆಗದು. ಸಂಗೀತದ ಅಂಕಿ ತಡವಾದರೆ ಅಲೆಯ ಆಕಾರವೇ ಕೆಡುತ್ತದೆ’ ಎನ್ನುತ್ತಾರೆ ಅವರು. ಈ ಕಾಲದ ಕಂಪನಕ್ಕೆ ಜಿಟರ್ ಎಂದು ಹೆಸರು. ಇದು ಹುರುಳಿಲ್ಲದ ಆಕ್ಷೇಪವಲ್ಲ, ಈ ಪಂಥದ ಅತಿ ಗಟ್ಟಿ ವಾದವೇ ಇದು. 20,000 ಹರ್ಟ್ಸ್‌ನ ಪೂರ್ಣ ಮಟ್ಟದ ಸ್ವರವೊಂದನ್ನು 16 ಬಿಟ್ ನಿಖರತೆಯಲ್ಲಿ ಮರುಸೃಷ್ಟಿಸಬೇಕಾದರೆ ಗಡಿಯಾರದ ತಪ್ಪು ಸುಮಾರು 121 ಪಿಕೊಸೆಕೆಂಡಿಗಿಂತ ಕಡಿಮೆ ಇರಬೇಕು ಎಂದು ಲೆಕ್ಕ ಹೇಳುತ್ತದೆ. ಪಿಕೊಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು. ನೂರಾರು ಕೆಲಸ ಒಟ್ಟಿಗೇ ಮಾಡುವ ಕಂಪ್ಯೂಟರಿಗೆ ಅಂಥ ಕಾಲನಿಷ್ಠೆ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದಕ್ಕೆ ಉತ್ತರ, ಕಂಪ್ಯೂಟರಿಗೆ ಆ ನಿಷ್ಠೆ ಬೇಕಾಗಿಯೇ ಇಲ್ಲ ಎಂಬುದು.

ಊರಿನ ನೀರಿನ ಟ್ಯಾಂಕನ್ನು ನೆನೆದುಕೊಂಡರೆ ಈ ಉತ್ತರ ಅರ್ಥವಾಗುತ್ತದೆ. ಕೆಳಗಿನ ಪಂಪು ಬಿಟ್ಟುಬಿಟ್ಟು ಓಡುತ್ತದೆ. ಒಮ್ಮೆ ಜೋರು, ಒಮ್ಮೆ ನಿಧಾನ, ಕರೆಂಟು ಹೋದರೆ ಇಲ್ಲವೇ ಇಲ್ಲ. ಮನೆಯ ನಲ್ಲಿಯಲ್ಲಿ ನೀರಿನ ರಭಸವನ್ನು ನಿರ್ಧರಿಸುವುದು ಪಂಪಲ್ಲ, ಮೇಲಿನ ಟ್ಯಾಂಕಿನ ಎತ್ತರ. ಇಂದಿನ ಯು.ಎಸ್.ಬಿ. ಡ್ಯಾಕುಗಳಲ್ಲಿ ನಡೆಯುವುದೂ ಇದೇ. ಕಂಪ್ಯೂಟರು ಸೆಕೆಂಡಿನ ಎಂಟು ಸಾವಿರದ ಒಂದು ಪಾಲಿಗೊಮ್ಮೆ ಒಂದು ಕಂತು ಅಂಕಿಗಳನ್ನು ಕಳಿಸುತ್ತದೆ. ಡ್ಯಾಕು ಅದನ್ನು ತನ್ನ ಬಫರಿನಲ್ಲಿ ತುಂಬಿಕೊಂಡು, ತನ್ನೊಳಗಿನ ಸ್ಫಟಿಕದ ಗಡಿಯಾರದ ತಾಳಕ್ಕೆ ಒಂದೊಂದಾಗಿ ಹೊರಗೆ ಬಿಡುತ್ತದೆ. ಬಫರು ತುಂಬುತ್ತಿದ್ದರೆ ‘ಸ್ವಲ್ಪ ನಿಧಾನ’, ಬರಿದಾಗುತ್ತಿದ್ದರೆ ‘ಸ್ವಲ್ಪ ಬೇಗ’ ಎಂದು ಡ್ಯಾಕೇ ಕಂಪ್ಯೂಟರಿಗೆ ಸೂಚನೆ ಕೊಡುತ್ತದೆ. ಇದಕ್ಕೆ ಅಸಿಂಕ್ರೊನಸ್ ವಿಧಾನ ಎನ್ನುತ್ತಾರೆ. ಇಲ್ಲಿ ತಾಳ ಹಾಕುವುದು ಡ್ಯಾಕು, ಹಿಂಬಾಲಿಸುವುದು ಕಂಪ್ಯೂಟರು. ಹಿಂದೆ ಹೀಗಿರಲಿಲ್ಲ ಎಂಬುದನ್ನೂ ಒಪ್ಪಬೇಕು. ಹಳೆಯ ಯು.ಎಸ್.ಬಿ. ಡ್ಯಾಕುಗಳು ಕಂಪ್ಯೂಟರಿನಿಂದ ಬರುವ ಕಂತುಗಳ ಲಯಕ್ಕೆ ತಮ್ಮ ಗಡಿಯಾರವನ್ನು ಹೊಂದಿಸಿಕೊಳ್ಳುತ್ತಿದ್ದವು. ಆಗ ಕಂಪ್ಯೂಟರಿನ ಚಂಚಲತೆ ಅಷ್ಟಿಷ್ಟು ಒಳಗೆ ನುಸುಳಲು ದಾರಿಯಿತ್ತು. ಆ ದಾರಿ ಮುಚ್ಚಿ ವರ್ಷಗಳೇ ಆದವು. ದಾರಿ ಮುಚ್ಚಿದ ಮೇಲೂ ಕಳ್ಳ ಅದರಲ್ಲೇ ಬರುತ್ತಾನೆ ಎಂದು ಕಾವಲು ಮಾರುವವರ ಅಂಗಡಿ ಮಾತ್ರ ಮುಚ್ಚಿಲ್ಲ.

ಜಿಟರ್ ಉಳಿದೇ ಇದೆ ಎಂದುಕೊಂಡರೂ ಅದು ಕಿವಿಗೆ ಕೇಳಬೇಕಲ್ಲ. ಡಾಲ್ಬಿ ಪ್ರಯೋಗಾಲಯದ ಬೆಂಜಮಿನ್ ಮತ್ತು ಗ್ಯಾನನ್ 1998ರಲ್ಲಿ ಬೇಕೆಂದೇ ಜಿಟರ್ ಬೆರೆಸಿ ಕೇಳುಗರನ್ನು ಪರೀಕ್ಷಿಸಿದರು. ತಪ್ಪು ಎದ್ದು ಕಾಣುವಂತೆ ಆಯ್ದ ಶುದ್ಧ ಸ್ವರಗಳಲ್ಲಿಯೂ ಕಿವಿಯ ಮಿತಿ ಸುಮಾರು 10 ನ್ಯಾನೊಸೆಕೆಂಡಿನ ಆಸುಪಾಸಿನಲ್ಲಿತ್ತು. ಸಂಗೀತದಲ್ಲಿ ಇನ್ನೂ ಹೆಚ್ಚು ಬೇಕಾಯಿತು. ಜಪಾನಿನ ಅಶಿಹಾರ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಳಗಿದ ಕೇಳುಗರಿಗೂ ಸಂಗೀತದಲ್ಲಿನ ಯಾದೃಚ್ಛಿಕ ಜಿಟರ್ ಗೊತ್ತಾಗಲು ನೂರಾರು ನ್ಯಾನೊಸೆಕೆಂಡು ಬೇಕಾಯಿತು. ಹತ್ತು ನ್ಯಾನೊಸೆಕೆಂಡೆಂದರೆ ಹತ್ತು ಸಾವಿರ ಪಿಕೊಸೆಕೆಂಡು. ಅಂದರೆ ಭಯಪಡಿಸುವ ಆ 121ರ ಅಂಕಿಗೂ ಕಿವಿಯ ನಿಜವಾದ ಮಿತಿಗೂ ನಡುವೆ ಎಂಬತ್ತು ಪಟ್ಟಿಗಿಂತ ಹೆಚ್ಚು ಅಂತರವಿದೆ. ಇದಕ್ಕೆ ಕಾರಣವೂ ಸ್ಪಷ್ಟ. 20,000 ಹರ್ಟ್ಸ್‌ನಲ್ಲಿ ಪೂರ್ಣ ಮಟ್ಟದ ಸ್ವರ ಯಾವ ಸಂಗೀತದಲ್ಲೂ ಇರುವುದಿಲ್ಲ, ವಯಸ್ಕರ ಪೈಕಿ ಹೆಚ್ಚಿನವರಿಗೆ ಆ ಎತ್ತರದ ಸ್ವರ ಕೇಳುವುದೂ ಇಲ್ಲ. ಸಾಧಾರಣ ಡ್ಯಾಕಿನ ಜಿಟರ್ ಒಂದು ನ್ಯಾನೊಸೆಕೆಂಡಿಗಿಂತಲೂ ಕಡಿಮೆ. ಹೆದರಿಸುವ ಅಂಕಿಯನ್ನು ಹೇಳಿ, ಕಿವಿಯ ಅಂಕಿಯನ್ನು ಹೇಳದಿರುವುದು ಅರ್ಧಸತ್ಯದ ವ್ಯಾಪಾರ.

ಜಿಟರಿನಿಂದ ಹಿಂದೆ ಸರಿದವರು ಮುಂದೆ ನಿಲ್ಲುವುದು ವಿದ್ಯುತ್ ಗದ್ದಲದ ಮೇಲೆ. ಅಂಕಿಗಳ ಜತೆಗೆ ತಂತಿಯಲ್ಲಿ ಕಂಪ್ಯೂಟರಿನ ಗದ್ದಲವೂ ಹರಿದು ಡ್ಯಾಕಿನ ಅನಲಾಗ್ ಭಾಗವನ್ನು ಕಲಕುತ್ತದೆ ಎನ್ನುವುದು ಅವರ ವಾದ. ಇದರಲ್ಲಿ ನಿಜವಿದೆ. ಲ್ಯಾಪ್‌ಟಾಪಿನ ಚಾರ್ಜರ್ ಚುಚ್ಚಿದೊಡನೆ ಸ್ಪೀಕರಿನಲ್ಲಿ ಗುಂಯ್ ಎನ್ನುವ 50 ಹರ್ಟ್ಸ್‌ನ ಸದ್ದು, ಮೌಸ್ ಅಲ್ಲಾಡಿಸಿದರೆ ಕೇಳುವ ಕಿರಿಕಿರಿ, ಅರ್ಥಿಂಗಿನ ಸುತ್ತುದಾರಿಯಿಂದ ಬರುವ ಗೊರಗೊರ ಇವೆಲ್ಲ ಕಟ್ಟುಕತೆಗಳಲ್ಲ. ಮದರ್‌ಬೋರ್ಡಿನ ಮೇಲೇ ಇರುವ ಅಗ್ಗದ ಸೌಂಡ್ ಚಿಪ್ಪಿಗೆ ಇಯರ್‌ಫೋನ್ ಸಿಕ್ಕಿಸಿದರೆ ಒಂದು ಕಂಪ್ಯೂಟರಿಗೂ ಇನ್ನೊಂದಕ್ಕೂ ವ್ಯತ್ಯಾಸ ಕೇಳಬಹುದು, ಯಾಕೆಂದರೆ ಅಲ್ಲಿ ಡ್ಯಾಕು, ಆಂಪ್ಲಿಫೈಯರುಗಳೇ ಬೇರೆ ಬೇರೆ. ಆದರೆ ಇವುಗಳ ಲಕ್ಷಣವನ್ನು ಗಮನಿಸಬೇಕು. ಗದ್ದಲ ಗದ್ದಲವಾಗಿಯೇ ಕೇಳುತ್ತದೆ; ಹಾಡು ನಿಂತಾಗ ಇನ್ನೂ ಚೆನ್ನಾಗಿ ಕೇಳುತ್ತದೆ. ಅದಕ್ಕೆ ಆವರ್ತನವಿದೆ, ಮಟ್ಟವಿದೆ, ಅಳೆಯುವ ಉಪಕರಣವಿದೆ. ಪರಿಹಾರವೂ ಅಗ್ಗವೇ: ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸುವುದು, ಎಲ್ಲ ಸಾಧನಗಳನ್ನೂ ಒಂದೇ ಪ್ಲಗ್ ಪಾಯಿಂಟಿಗೆ ಸೇರಿಸುವುದು, ಅಥವಾ 1983ರಿಂದ ಬಳಕೆಯಲ್ಲಿರುವ ಬೆಳಕಿನ ತಂತಿಯಿಂದ ಡ್ಯಾಕಿಗೆ ಜೋಡಿಸಿ ವಿದ್ಯುತ್ ಸಂಪರ್ಕವನ್ನೇ ಕಡಿದುಹಾಕುವುದು. ಈ ಪಂಥ ಹೇಳುವುದು ಗುಂಯ್‌ಗುಡುವ ಸದ್ದಿನ ಕತೆಯನ್ನಲ್ಲ. ಗದ್ದಲ ಎಲ್ಲೂ ಕೇಳುವುದಿಲ್ಲ, ಅಳತೆಗೂ ಸಿಗುವುದಿಲ್ಲ, ಆದರೂ ಗಾಯಕಿಯ ಮಂದ್ರಸ್ಥಾಯಿಯನ್ನು ಮಾತ್ರ ಒಣಗಿಸುತ್ತದೆ ಎಂದು ಅದು ಹೇಳುತ್ತದೆ. ನಿಜವಾದ ದೋಷವನ್ನು ತೋರಿಸಿ ಕಲ್ಪಿತ ಗುಣವನ್ನು ಮಾರುವ ಈ ಜಾಣತನವನ್ನು ನಾವು ಗುರುತಿಸಬೇಕು.

ಮೂರನೆಯ ದಾರಿ ಸಾಫ್ಟ್‌ವೇರಿನದು. ಇಲ್ಲಿಯೂ ವಾಸ್ತವದ ತುಣುಕುಗಳಿವೆ. ಇಂಟೆಲ್ ಕಂಪನಿ 1997ರಲ್ಲಿ ತಂದ ಎಸಿ’97 ಮಾನದಂಡದ ಕಾಲದ ಎಷ್ಟೋ ಸೌಂಡ್ ಚಿಪ್ಪುಗಳು 48,000ದ ದರದಲ್ಲಷ್ಟೇ ಕೆಲಸ ಮಾಡುತ್ತಿದ್ದವು, 44,100ರ ಸಿ.ಡಿ. ಅಂಕಿಗಳನ್ನು ಅವಸರದಲ್ಲಿ ಹೊಸ ದರಕ್ಕೆ ಮಾರ್ಪಡಿಸುವಾಗ ಕೆಲವು ಕಾರ್ಡುಗಳಲ್ಲಿ ಧ್ವನಿ ಕೆಡುತ್ತಿತ್ತು. ಇಂದಿಗೂ ವಿಂಡೋಸಿನ ಸಾಮಾನ್ಯ ದಾರಿಯಲ್ಲಿ ಎಲ್ಲ ಪ್ರೋಗ್ರಾಮುಗಳ ಸದ್ದೂ ಒಂದು ಮಿಕ್ಸರಿನಲ್ಲಿ ಸೇರಿ, ಒಂದೇ ದರಕ್ಕೆ ಪರಿವರ್ತನೆಯಾಗಿ ಹೊರಬರುತ್ತದೆ. ಧ್ವನಿಯನ್ನು ‘ಉತ್ತಮಗೊಳಿಸುವ’ ಗುಂಡಿಯೊಂದು ಒತ್ತಿದ ಸ್ಥಿತಿಯಲ್ಲೇ ಕಂಪ್ಯೂಟರು ಮನೆಗೆ ಬಂದಿರಬಹುದು. ಹೀಗೆ ಎರಡು ಕಂಪ್ಯೂಟರುಗಳು ಬೇರೆಯಾಗಿ ಕೇಳಿದರೆ ಆಶ್ಚರ್ಯವಿಲ್ಲ. ಅವು ಡ್ಯಾಕಿಗೆ ಕಳಿಸುತ್ತಿರುವ ಅಂಕಿಗಳೇ ಬೇರೆ. ಆದರೆ ಇದು ಯಂತ್ರದ ಭೇದವಲ್ಲ, ಸೆಟ್ಟಿಂಗಿನ ಭೇದ. ಹತ್ತು ವರ್ಷ ಹಳೆಯ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ ಸರಿಪಡಿಸಿದರೆ ಹೊಸ ಸರ್ವರಿನಿಂದ ಬರುವ ಅಂಕಿಗಳೇ ಹೊರಬರುತ್ತವೆ. ವಿಂಡೋಸಿನಲ್ಲಿ ಮಿಕ್ಸರನ್ನು ಬದಿಗಿಟ್ಟು ಡ್ಯಾಕಿಗೆ ನೇರವಾಗಿ ಅಂಕಿ ಕೊಡುವ ದಾರಿ ವಿಸ್ಟಾದ ಕಾಲದಿಂದಲೂ ಇದೆ, ಅದಕ್ಕೆ ದುಡ್ಡೂ ಕೊಡಬೇಕಿಲ್ಲ. ಅನುಮಾನವಿದ್ದವರು ಡಿಜಿಟಲ್ ಹೊರಹರಿವನ್ನು ಇನ್ನೊಂದು ಯಂತ್ರದಲ್ಲಿ ದಾಖಲಿಸಿಕೊಂಡು ಮೂಲ ಫೈಲಿನಿಂದ ಕಳೆಯಬಹುದು. ಉಳಿಕೆ ಸೊನ್ನೆಯಾದರೆ ಎರಡೂ ಒಂದೇ.

ಇಷ್ಟಕ್ಕೂ, ಅಂಕಿಗಳಲ್ಲಿ ತಪ್ಪು ನುಸುಳಿತೆಂದೇ ಇಟ್ಟುಕೊಳ್ಳೋಣ. ಯು.ಎಸ್.ಬಿ.ಯಲ್ಲಿ ಧ್ವನಿಯ ಕಂತು ಕೆಟ್ಟರೆ ಮತ್ತೆ ಕಳಿಸುವ ಏರ್ಪಾಡಿಲ್ಲ, ನಿಜ. ಅದನ್ನೂ ಎದುರುವಾದಿಗಳು ಎತ್ತಿ ತೋರಿಸುತ್ತಾರೆ. ಆದರೆ ಕೆಟ್ಟ ಕಂತು ಕೇಳುವುದು ಹೇಗೆ? ಚಟ್ ಎನ್ನುತ್ತದೆ, ತಟಕ್ಕನೆ ಕಡಿಯುತ್ತದೆ, ಗೊಗ್ಗರಿಸುತ್ತದೆ. ಟ್ಯಾಂಕು ಬರಿದಾದಾಗ ನಲ್ಲಿ ಕೆಮ್ಮುವ ಹಾಗೆ. ಬಿಟ್‌ಗಳ ತಪ್ಪಿಗೆ ಅಭಿರುಚಿಯೆಂಬುದಿಲ್ಲ. ಪಿಟೀಲನ್ನು ಬಿಟ್ಟು ಮೃದಂಗವನ್ನಷ್ಟೇ ಮಂಕಾಗಿಸುವ, ವೇದಿಕೆಯನ್ನು ಅರ್ಧ ಅಡಿ ಹಿಂದಕ್ಕೆ ಸರಿಸುವ, ಸ್ವರಕ್ಕೆ ಸ್ವಲ್ಪ ‘ಬಿಸುಪು’ ಸೇರಿಸುವ ಕುಸುರಿ ಕೆಲಸ ಆಕಸ್ಮಿಕ ತಪ್ಪುಗಳಿಂದ ಆಗದು. ಅದಕ್ಕೆ ಪ್ರತಿ ಅಂಕಿಯನ್ನೂ ಲೆಕ್ಕಹಾಕಿ ಬದಲಿಸುವ ಪ್ರೋಗ್ರಾಮು ಬೇಕು. ಅಮೆರಿಕದ ಹೆಸರಾಂತ ಆಡಿಯೊ ಪತ್ರಿಕೆಯೊಂದು 2010ರ ದಶಕದ ಆರಂಭದಲ್ಲಿ ಒಂದು ಲೇಖನಮಾಲೆಯನ್ನೇ ಪ್ರಕಟಿಸಿ, ಕುಗ್ಗಿಸದ ವೇವ್ ಫೈಲನ್ನು ಫ್ಲ್ಯಾಕಿಗೆ ಬದಲಿಸಿ ಮತ್ತೆ ವೇವ್ ಮಾಡಿದರೆ ಧ್ವನಿ ಕೆಳದರ್ಜೆಯದಾಗುತ್ತದೆ ಎಂದು ಸಾರಿತು. ಹೋಗಿ ಬಂದ ಫೈಲಿನ ಧ್ವನಿಯ ಬಿಟ್‌ಗಳು ಹೊರಟಾಗ ಇದ್ದವೇ. ಎರಡೂ ಅದೇ ಡಿಸ್ಕಿನ ಮೇಲೆ, ಅದೇ ಯಂತ್ರದಲ್ಲಿ ಓಡುತ್ತವೆ. ಎರಡು ಫೈಲುಗಳಲ್ಲಿ ಯಾವುದು ಯಾವುದೆಂದು ಕಂಪ್ಯೂಟರಿಗೇ ಗೊತ್ತಾಗದಿರುವಾಗ ಕೇಳುವವರಿಗೆ ಗೊತ್ತಾಗಿದೆ ಎಂದರೆ ಆ ಗುಟ್ಟನ್ನು ಹೇಳಿದ್ದು ಧ್ವನಿಯಲ್ಲ, ಫೈಲಿನ ಹೆಸರು.

‘ನಿಮ್ಮ ಲೆಕ್ಕಾಚಾರ ಏನೇ ಇರಲಿ, ನಾನು ಕಿವಿಯಾರೆ ಕೇಳಿದ್ದೇನೆ’ ಎಂಬುದು ಕೊನೆಯ ಹಾಗೂ ಅತಿ ಪ್ರಾಮಾಣಿಕ ಆಕ್ಷೇಪ. ಇದನ್ನು ಹೇಳುವವರು ಸುಳ್ಳುಗಾರರಲ್ಲ. 1903ರಲ್ಲಿ ಫ್ರಾನ್ಸಿನ ನ್ಯಾನ್ಸಿ ನಗರದ ಹೆಸರಾಂತ ಭೌತವಿಜ್ಞಾನಿ ರೆನೆ ಬ್ಲಾಂಡ್ಲೊ ‘ಎನ್ ಕಿರಣ’ಗಳನ್ನು ಕಂಡುಹಿಡಿದೆನೆಂದು ಸಾರಿದಾಗಲೂ ಆತ ಸುಳ್ಳು ಹೇಳಿರಲಿಲ್ಲ. ಹತ್ತಾರು ವಿಜ್ಞಾನಿಗಳು ಅವನ್ನು ತಾವೂ ಕಂಡೆವೆಂದರು. ಮರುವರ್ಷ ಅಮೆರಿಕದ ರಾಬರ್ಟ್ ವುಡ್ ಆ ಪ್ರಯೋಗಾಲಯಕ್ಕೆ ಹೋಗಿ, ಕತ್ತಲಿನಲ್ಲಿ ಯಾರಿಗೂ ತಿಳಿಯದಂತೆ ಉಪಕರಣದ ಪಟ್ಟಕವನ್ನೇ ತೆಗೆದು ಜೇಬಿಗೆ ಹಾಕಿಕೊಂಡ. ಕಿರಣಗಳನ್ನು ಬಿಡಿಸಿ ತೋರಿಸಬೇಕಾದ ಮುಖ್ಯ ಭಾಗವೇ ಇಲ್ಲದಿದ್ದರೂ ಅಲ್ಲಿದ್ದವರು ಮೊದಲಿನಂತೆಯೇ ಅಳತೆಗಳನ್ನು ಹೇಳುತ್ತಾ ಹೋದರು. ನಿರೀಕ್ಷೆ ಕಣ್ಣನ್ನು ಹೀಗೆ ಆಡಿಸಬಲ್ಲುದಾದರೆ ಕಿವಿಯನ್ನು ಬಿಟ್ಟೀತೇ? 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ 40 ಮಂದಿಗೆ ಸ್ಪೀಕರುಗಳನ್ನು ಮೊದಲು ಮರೆಮಾಡಿ, ಆಮೇಲೆ ಕಣ್ಣೆದುರಿಗಿಟ್ಟು ಕೇಳಿಸಿದರು. ಕಣ್ಣಿಗೆ ಕಂಡಾಗ ಅಂಕಗಳು ಗಾತ್ರ, ಬೆಲೆ, ಹೆಸರುಗಳ ಕಡೆಗೆ ವಾಲಿದವು. ಅಲ್ಲಿ ಸ್ಪೀಕರುಗಳ ನಡುವೆ ನಿಜವಾದ ವ್ಯತ್ಯಾಸವಿತ್ತು, ಆದರೂ ನೋಟ ಅದನ್ನು ಮಸುಕಾಗಿಸಿತು. ವ್ಯತ್ಯಾಸವೇ ಇಲ್ಲದಲ್ಲಿ ನೋಟಕ್ಕೆ ಇನ್ನೆಷ್ಟು ಬಲ ಬಂದೀತು! 2008ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಅದೇ ದ್ರಾಕ್ಷಾರಸವನ್ನು ಹೆಚ್ಚು ಬೆಲೆ ಹೇಳಿ ಕೊಟ್ಟಾಗ ಜನರಿಗೆ ಅದು ಹೆಚ್ಚು ಹಿಡಿಸಿತು. ಮೆದುಳಿನಲ್ಲಿ ಸುಖವನ್ನು ಸೂಚಿಸುವ ಭಾಗದ ಚಟುವಟಿಕೆಯೂ ಏರಿತು. ಅಂದರೆ ದುಬಾರಿ ಕಂಪ್ಯೂಟರಿನ ಮುಂದೆ ಕುಳಿತವರಿಗೆ ಆಗುವ ಸುಖ ನಿಜವಾದದ್ದೇ. ಅದರ ಕಾರಣ ಮಾತ್ರ ಕಂಪ್ಯೂಟರಿನಲ್ಲಿಲ್ಲ, ಅದರ ಬೆಲೆಯಲ್ಲಿದೆ.

ಆದ್ದರಿಂದಲೇ ಮುಚ್ಚಿಟ್ಟ ಪರೀಕ್ಷೆ ಬೇಕು. ಎ ಒಂದು ಯಂತ್ರ, ಬಿ ಇನ್ನೊಂದು. ಎಕ್ಸ್ ಈ ಎರಡರಲ್ಲಿ ಯಾವುದೆಂದು ಹೆಸರು ನೋಡದೆ ಹೇಳಬೇಕು. ಧ್ವನಿಯ ಮಟ್ಟ ಎರಡರಲ್ಲೂ ಒಂದು ಡೆಸಿಬೆಲಿನ ಹತ್ತನೇ ಒಂದು ಪಾಲಿನೊಳಗೆ ಸಮವಾಗಿರಬೇಕು, ಯಾಕೆಂದರೆ ಕೊಂಚ ಜೋರಾದದ್ದು ಕಿವಿಗೆ ಜೋರೆಂದು ತೋರದೆ ‘ಹೆಚ್ಚು ಸ್ಪಷ್ಟ’ ಎಂದು ತೋರುತ್ತದೆ. ಇಂಥ ಪರೀಕ್ಷೆ ಕೇಳುಗರನ್ನು ಗಾಬರಿಗೊಳಿಸುತ್ತದೆ, ಸೂಕ್ಷ್ಮ ಭೇದಗಳು ದಿನಗಟ್ಟಲೆ ಕೇಳಿದ ಮೇಲಷ್ಟೇ ಹೊಳೆಯುತ್ತವೆ ಎಂದು ಆಕ್ಷೇಪಿಸುತ್ತಾರೆ. ಆಗಲಿ, ತಿಂಗಳುಗಟ್ಟಲೆ ಮಾಡಲಿ, ತಮ್ಮ ಮನೆಯಲ್ಲೇ, ತಮ್ಮ ಕುರ್ಚಿಯಲ್ಲೇ ಕುಳಿತು ಮಾಡಲಿ. ಹೆಸರನ್ನು ಮುಚ್ಚಿಡಬೇಕೆಂಬುದಷ್ಟೇ ಕರಾರು. ಅಲ್ಲದೆ ‘ಹಗಲು ರಾತ್ರಿಯಷ್ಟು ವ್ಯತ್ಯಾಸ’, ‘ಅಡುಗೆಮನೆಯಲ್ಲಿದ್ದವರಿಗೂ ಗೊತ್ತಾಯಿತು’ ಎಂದು ವರ್ಣಿಸುವವರೇ ಹೆಸರು ಮುಚ್ಚಿದೊಡನೆ ‘ಅದು ತುಂಬಾ ಸೂಕ್ಷ್ಮ’ ಎನ್ನುವುದು ಹೇಗೆ? ಬಾಸ್ಟನ್ನಿನ ಮೇಯರ್ ಮತ್ತು ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೆಚ್ಚು ನಿಖರತೆಯ ಮುದ್ರಣವನ್ನು ಸಿ.ಡಿ. ದರ್ಜೆಗೆ ಇಳಿಸಿದಾಗ ಗೊತ್ತಾಗುತ್ತದೆಯೇ ಎಂದು 554 ಸಲ ಕೇಳಿದರು. 276 ಉತ್ತರಗಳು ಸರಿಯಾದವು, ನಾಣ್ಯ ಚಿಮ್ಮಿದಂತೆ. ಇದರ ವಿರುದ್ಧ ಹೇಳಬಹುದಾದ್ದನ್ನೂ ಹೇಳಬೇಕು. ಜೋಷುವಾ ರೀಸ್ 2016ರಲ್ಲಿ ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಸರಿಯುತ್ತರಗಳ ಪ್ರಮಾಣ ಶೇ. 52.3ರಷ್ಟು ಬಂತು, ತರಬೇತಾದವರಲ್ಲಿ ಇನ್ನೂ ಹೆಚ್ಚು. ಆದರೆ ಅಲ್ಲಿ ಹೋಲಿಸಿದ್ದು ಬೇರೆ ಬೇರೆ ಅಂಕಿಗಳನ್ನು. ಅಂಕಿಗಳೇ ಬೇರೆಯಾದಾಗ ನೂರಕ್ಕೆ ಐವತ್ತೆರಡು ಚಿಲ್ಲರೆ ಎಂದಾದರೆ, ಅಂಕಿಗಳು ಒಂದೇ ಆಗಿರುವ ಎರಡು ಕಂಪ್ಯೂಟರುಗಳ ನಡುವೆ ಆಕಾಶ ಪಾತಾಳದ ಅಂತರ ಎಲ್ಲಿಂದ ಬಂತು?

‘ಎಲ್ಲವೂ ಅಳತೆಗೆ ಸಿಗುವುದಿಲ್ಲ, ಕಿವಿ ವಿಜ್ಞಾನಕ್ಕಿಂತ ಮುಂದೆ’ ಎಂಬ ಮಾತು ಉಳಿದಿದೆ. ಕಿವಿ ಸಿದ್ಧಾಂತಕ್ಕಿಂತ ಮುಂದಿದ್ದ ಉದಾಹರಣೆಗಳಿವೆ, ನಮ್ಮ ಸಂಗೀತದಲ್ಲೇ ಒಂದಿದೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಬಾರದು ಎಂದು ಯುರೋಪಿನ ನಿಯಮ ಹೇಳುತ್ತಿತ್ತು. ತಂಬೂರಿಯಲ್ಲಿ ಅವು ತುಂಬಿ ತುಳುಕುವುದು ಕೇಳುವ ಎಲ್ಲರಿಗೂ ಗೊತ್ತಿತ್ತು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸಿ.ವಿ. ರಾಮನ್, ಕಲ್ಕತ್ತೆಯಲ್ಲಿದ್ದಾಗ, 1921ರ ಪ್ರಬಂಧದಲ್ಲಿ ಇದನ್ನು ವಿವರಿಸಿದರು. ತಂಬೂರಿಯ ಅಗಲವಾದ ಬಾಗು ಕುದುರೆ ಮತ್ತು ಅದರ ಮೇಲೆ ತಂತಿಯಡಿಗೆ ಸಿಕ್ಕಿಸುವ ನೂಲೆಳೆ ಆ ನಿಯಮವನ್ನು ಮುರಿಯುತ್ತವೆಂದು ಪ್ರಯೋಗದಿಂದ ತೋರಿಸಿದರು. ಡಿಜಿಟಲ್ ಲೋಕದಲ್ಲೂ ಅಂಥದೊಂದು ಘಟನೆ ನಡೆದಿದೆ. 1990ರ ದಶಕದ ಆರಂಭದಲ್ಲಿ ಸ್ವೀಡನ್ ರೇಡಿಯೊ ಧ್ವನಿಯನ್ನು ಕುಗ್ಗಿಸುವ ವಿಧಾನಗಳನ್ನು ಮುಚ್ಚಿಟ್ಟ ಪರೀಕ್ಷೆಯಲ್ಲಿ ಸಾವಿರಾರು ಸುತ್ತು ಪರಿಶೀಲಿಸಿ ಒಂದನ್ನು ಒಪ್ಪಿಕೊಂಡಿತು. ಬಾರ್ಟ್ ಲೊಕಾಂತಿ ಎಂಬ ಎಂಜಿನಿಯರು ಅದರಲ್ಲಿ 1,500 ಹರ್ಟ್ಸ್ ಸುಮಾರಿನ ಬೇಡದ ಸ್ವರವೊಂದನ್ನು ಕಿವಿಯಿಂದಲೇ ಹಿಡಿದರು. ಮುಚ್ಚಿಟ್ಟ ಪರೀಕ್ಷೆ ವ್ಯರ್ಥವೆನ್ನಲು ಈ ಪ್ರಸಂಗವನ್ನು ಎದುರುವಾದಿಗಳು ಮತ್ತೆ ಮತ್ತೆ ಉದ್ಧರಿಸುತ್ತಾರೆ. ಪರೀಕ್ಷೆಗೂ ಕಣ್ತಪ್ಪುಗಳಿವೆ ಎಂಬುದು ನಿಜ. ಆದರೆ ಲೊಕಾಂತಿ ಹೇಳಿದ್ದು ‘ಏನೋ ಜೀವಂತಿಕೆ ಇಲ್ಲ’ ಎಂದಲ್ಲ. ಏನು, ಯಾವ ಆವರ್ತನದಲ್ಲಿ ಎಂದು ಬೆರಳಿಟ್ಟು ತೋರಿಸಿದರು. ತೋರಿಸಿದ ಮೇಲೆ ಇತರರಿಗೂ ಕೇಳಿಸಿತು. ರಾಮನ್ ಮಾಡಿದ್ದೂ ಅದನ್ನೇ. ಕಿವಿ ಗೆದ್ದಾಗಲೆಲ್ಲ ಅದು ಕಾರಣವನ್ನು ಹಿಡಿದುಕೊಟ್ಟಿದೆ. ಕಂಪ್ಯೂಟರುಗಳ ನಾದಭೇದದ ಪಂಥ ಇಷ್ಟು ವರ್ಷಗಳಲ್ಲಿ ಅಂಥ ಒಂದು ಸ್ವರವನ್ನಾದರೂ ಬೆರಳಿಟ್ಟು ತೋರಿಸಿದೆಯೇ?

‘ಅವರವರ ದುಡ್ಡು, ಅವರವರ ಖುಷಿ; ನಿನಗೇನು ಸಂಕಟ?’ ಎಂದು ಕೇಳಬಹುದು. ಸಂಕಟ ದುಡ್ಡಿನದಲ್ಲ, ದಾರಿ ತಪ್ಪಿಸುವುದರದು. ಮನೆಯಲ್ಲಿ ಸಂಗೀತ ಕೆಡುವ ಜಾಗಗಳು ಬೇರೆಯೇ ಇವೆ. ಒಳ್ಳೆಯ ಡ್ಯಾಕಿನ ವಿಕೃತಿ ಶೇಕಡಾ ಒಂದರ ಸಾವಿರದ ಒಂದು ಪಾಲಿಗಿಂತ ಕಡಿಮೆ. ಒಳ್ಳೆಯ ಸ್ಪೀಕರಿನದೂ ಮಂದ್ರದಲ್ಲಿ ಶೇಕಡಾ ಒಂದನ್ನು ದಾಟುತ್ತದೆ. ಖಾಲಿ ಗೋಡೆಯ ಕೋಣೆಯೊಂದು ಮಂದ್ರದ ಕೆಲವು ಸ್ವರಗಳನ್ನು ಹತ್ತು ಡೆಸಿಬೆಲಿನಷ್ಟು ಉಬ್ಬಿಸಿ, ಪಕ್ಕದ ಸ್ವರವನ್ನು ನುಂಗಿಹಾಕಬಲ್ಲದು. ಮುದ್ರಣವನ್ನೇ ಜೋರಾಗಿಸುವ ಗೀಳಿನಲ್ಲಿ ಸ್ಟುಡಿಯೊದವರು ಏರಿಳಿತಗಳನ್ನು ಚಪ್ಪಟೆ ಮಾಡಿದ್ದರೆ ಅದನ್ನು ಮರಳಿ ತರುವ ಸರ್ವರು ಜಗತ್ತಿನಲ್ಲಿಲ್ಲ. ಅತ್ತ ಅಂಕಿಗಳನ್ನು ಅಲೆಯಾಗಿಸುವ ಕೆಲಸ ಎಷ್ಟು ಅಗ್ಗವಾಗಿದೆಯೆಂದರೆ, ಆ್ಯಪಲ್ ಕಂಪನಿ ಅಮೆರಿಕದಲ್ಲಿ ಒಂಬತ್ತು ಡಾಲರಿಗೆ ಮಾರುವ, ಬೆರಳಿನುದ್ದದ ಹೆಡ್‌ಫೋನ್ ಅಡಾಪ್ಟರಿನೊಳಗಿನ ಡ್ಯಾಕು ಅಳತೆಯಲ್ಲಿ ಸಿ.ಡಿ.ಯ 16 ಬಿಟ್‌ಗೆ ಬೇಕಾದ ಶುದ್ಧತೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಸರ್ವರಿಗೆ ಸುರಿಯುವ ಹಣದ ಒಂದು ಸಣ್ಣ ಪಾಲು ಒಳ್ಳೆಯ ಸ್ಪೀಕರಿಗೆ, ದಪ್ಪ ಪರದೆಗೆ, ಪುಸ್ತಕ ತುಂಬಿದ ಕಪಾಟಿಗೆ ಹೋದರೆ ಆಗುವ ಬದಲಾವಣೆಯನ್ನು ಕಣ್ಣು ಮುಚ್ಚಿಯೂ ಕೇಳಬಹುದು. ಇನ್ನೊಂದು ಹಾನಿಯೂ ಇದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಪಟ್ಟಮ್ಮಾಳರನ್ನೋ ಮಲ್ಲಿಕಾರ್ಜುನ ಮನ್ಸೂರರನ್ನೋ ಕೇಳುತ್ತ ಕುಳಿತ ಹುಡುಗನಿಗೆ ‘ನೀನು ಕೇಳುತ್ತಿರುವುದು ನಿಜವಾದ ಸಂಗೀತವಲ್ಲ’ ಎಂಬ ಕೀಳರಿಮೆಯನ್ನು ಈ ಪಂಥ ಹಂಚುತ್ತಿದೆ. ಅವನ ಯಂತ್ರದಿಂದ ಹೊರಡುವ ಅಂಕಿಗಳೂ ಸಿರಿವಂತನ ಸರ್ವರಿನಿಂದ ಹೊರಡುವ ಅಂಕಿಗಳೂ ಒಂದೇ ಎಂದು ಅವನಿಗೆ ಯಾರಾದರೂ ಹೇಳಬೇಕು.

ಹಾಗಾಗಿ ಕಂಪ್ಯೂಟರಿನ ನಾದಗುಣವನ್ನು ಹೊಗಳಿ ಮಾರಲು ಬಂದವರನ್ನು ವಾದದಲ್ಲಿ ಸೋಲಿಸಲು ಹೋಗಬೇಡಿ, ಒಂದು ಬಟ್ಟೆ ತನ್ನಿ. ಎರಡೂ ಯಂತ್ರಗಳಿಗೆ ಒಂದೇ ಡ್ಯಾಕನ್ನು ಸರದಿಯಲ್ಲಿ ಜೋಡಿಸಿ, ಸೆಟ್ಟಿಂಗ್‌ಗಳನ್ನೂ ಧ್ವನಿಯ ಮಟ್ಟವನ್ನೂ ಸಮ ಮಾಡಿ, ಯಂತ್ರಗಳ ಮೇಲೆ ಬಟ್ಟೆ ಹೊದಿಸಿ. ಯಾವುದು ಓಡುತ್ತಿದೆಯೆಂದು ಕೇಳುವವರಿಗೂ ಎದುರಿಗಿರುವವರಿಗೂ ತಿಳಿಯದಂತೆ ನಾಣ್ಯ ಚಿಮ್ಮಿ ಆರಿಸಿ. ಹದಿನಾರು ಸಲ ಕೇಳಿಸಿ. ಹನ್ನೆರಡು ಅಥವಾ ಹೆಚ್ಚು ಸಲ ಸರಿಯಾಗಿ ಹೇಳಿದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಆಗ ಅವರ ಮಾತನ್ನು ಗೌರವದಿಂದ ಕೇಳಿ, ಕಾರಣವನ್ನು ಒಟ್ಟಿಗೆ ಹುಡುಕಿ. ಎಂಟೋ ಒಂಬತ್ತೋ ಬಂದರೆ ಬಟ್ಟೆ ತೆಗೆದು ಮಡಿಸಿಡಿ, ಚೆಕ್‌ಬುಕ್ಕನ್ನೂ ಮಡಿಸಿಡಿ, ಮನೆಯಲ್ಲಿರುವ ಕಂಪ್ಯೂಟರಿನಲ್ಲೇ ಹಾಡು ಹಾಕಿ ಕೇಳಿ.